ಭಾರತದ ಮಹಿಳಾ ಕಾಲ್ಚೆಂಡು ಲೀಗಿನ ಒಂದು ಋತು: 2023-24

ಇತಿಹಾಸ ವಿಭಾಗದ ವಾರ್ಷಿಕ ಸಂಚಿಕೆಯಲ್ಲಿ ಕಾಲ್ಚೆಂಡಾಟವನ್ನು ಕುರಿತ ಲೇಖನವನ್ನು ಕಂಡು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಶಾಸನಗಳು, ಕಂದಾಯದ ಕಡತಗಳು, ರಾಜವಂಶಗಳ ಕಾಲನಿರ್ಣಯ, ಇವುಗಳ ನಡುವೆ ಚೆಂಡಿಗೇನು ಕೆಲಸವೆಂಬ ಶಂಕೆ ಸಹಜವೇ ಆಗಿದೆ. ಆದರೆ ಈ ವಿಷಯವನ್ನು ನಾವಾಗಿಯೇ ಆರಿಸಿಕೊಂಡುದಲ್ಲ. ಸ್ನಾತಕೋತ್ತರ ತರಗತಿಯಲ್ಲಿ ಕೂಲಿ ಮತ್ತು ದುಡಿಮೆಯ ಇತಿಹಾಸವನ್ನು ಪಾಠ ಹೇಳುತ್ತಿದ್ದಾಗ, ಕಾಲೇಜಿನ ದಿನಗಳಲ್ಲಿ ಚೆಂಡಾಡಿ ಆಮೇಲೆ ಬಿಟ್ಟಿದ್ದ ವಿದ್ಯಾರ್ಥಿನಿಯೊಬ್ಬರು ಎದ್ದು ನಿಂತು ಒಂದು ಪ್ರಶ್ನೆಯನ್ನು ಕೇಳಿದರು. ನಮ್ಮ ದೇಶದ ಮಹಿಳಾ ಲೀಗು ಮೂರು ವಾರಗಳಲ್ಲಿ ಮುಗಿದುಹೋಗುತ್ತಿತ್ತಲ್ಲ, ಉಳಿದ ಹನ್ನೊಂದು ತಿಂಗಳು ಆ ಆಟಗಾರ್ತಿಯರು ಏನು ಮಾಡುತ್ತಿದ್ದರು ಎಂಬುದೇ ಆ ಪ್ರಶ್ನೆ. ಅಂದು ನಾವು ಸಮರ್ಪಕವಾದ ಉತ್ತರವನ್ನು ಕೊಡಲಾಗಲಿಲ್ಲ. ಆ ಉತ್ತರವನ್ನು ಹುಡುಕುವ ಪ್ರಯತ್ನವೇ ಪ್ರಸ್ತುತ ಲೇಖನ.

ಮೊದಲಿಗೆ ಒಂದು ಮಾತಿನ ವಿಚಾರ. ಲೀಗಿನ ಪ್ರತಿವರ್ಷದ ಆಟವನ್ನು ನಮ್ಮ ವೃತ್ತಪತ್ರಿಕೆಗಳು ಸಾಮಾನ್ಯವಾಗಿ ‘ಆವೃತ್ತಿ’ ಎಂದು ಕರೆಯುತ್ತವೆ. ಅಪರೂಪವಾಗಿ ‘ಋತು’ ಎನ್ನುವುದೂ ಉಂಟು. ಇವೆರಡೂ ಒಂದೇ ಎಂದು ನಾವು ಬಹುಕಾಲ ಭಾವಿಸಿದ್ದೆವು. ಆದರೆ ಆವೃತ್ತಿಯೆಂಬುದು ಮತ್ತೆ ಮತ್ತೆ ನಡೆಯುವ ಒಂದು ಘಟನೆ; ಜಾತ್ರೆಯಂತೆ ಅದು ಬರುತ್ತದೆ, ಹೋಗುತ್ತದೆ. ಋತುವಾದರೋ ಕಾಲದ ಒಂದು ಭಾಗ. ಅದರಲ್ಲಿ ಜನರು ಬದುಕುತ್ತಾರೆ, ಬಿತ್ತುತ್ತಾರೆ, ಬೆಳೆಯುತ್ತಾರೆ. ಭಾರತೀಯ ಮಹಿಳಾ ಲೀಗಿನ ಮೊದಲ ಆರು ವರ್ಷಗಳ ಆಟಕ್ಕೆ ಆವೃತ್ತಿಯೆಂಬ ಹೆಸರೇ ಸರಿಯಾಗಿ ಒಪ್ಪುತ್ತದೆ. ಋತುವೆನ್ನಬಹುದಾದುದು ಮೊಟ್ಟಮೊದಲಿಗೆ ಬಂದದ್ದು ಏಳನೆಯ ವರ್ಷದಲ್ಲಿ, ಅಂದರೆ 2023-24ರಲ್ಲಿ ಎಂಬುದು ನಮ್ಮ ಅಭಿಪ್ರಾಯ. ಅದು ಹೇಗೆ ಬಂತು, ಅದಕ್ಕಾಗಿ ಏನನ್ನು ಬಿಟ್ಟುಕೊಡಬೇಕಾಯಿತು ಎಂಬುದನ್ನು ಮುಂದೆ ವಿವರಿಸಲಾಗಿದೆ.

ಭಾರತದಲ್ಲಿ ಹೆಂಗಸರ ಕಾಲ್ಚೆಂಡಾಟ ಲೀಗಿನೊಡನೆ ಹುಟ್ಟಿದುದಲ್ಲ. 1975ರಲ್ಲಿ ಮಹಿಳೆಯರದೇ ಆದ ಒಂದು ರಾಷ್ಟ್ರೀಯ ಫೆಡರೇಷನ್ ಸ್ಥಾಪಿತವಾಗಿ, ಅದೇ ವರ್ಷ ಪ್ರಥಮ ರಾಷ್ಟ್ರೀಯ ಪಂದ್ಯಾವಳಿ ಜರುಗಿತು. 1980ರ ಜನವರಿಯಲ್ಲಿ ಕಲ್ಲಿಕೋಟೆಯಲ್ಲಿ ನಡೆದ ಏಷ್ಯಾ ಮಟ್ಟದ ಸ್ಪರ್ಧೆಯಲ್ಲಿ ಭಾರತ ಎರಡನೆಯ ಸ್ಥಾನವನ್ನು ಪಡೆಯಿತು. 1983ರಲ್ಲಿ ಥೈಲೆಂಡಿನಲ್ಲಿಯೂ ಅದೇ ಸ್ಥಾನ ದೊರೆಯಿತು. ಆ ವರ್ಷವೇ ಶಾಂತಿ ಮಲ್ಲಿಕ್ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು. ಈ ಹಳೆಯ ಗೆಲವುಗಳನ್ನು ಇಂದು ನೆನೆಯುವವರು ವಿರಳ. 1990ರ ದಶಕದ ಆರಂಭದಲ್ಲಿ ಮಹಿಳೆಯರ ಆಟವು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಡಳಿತಕ್ಕೆ ಒಳಪಟ್ಟಿತು. ಆ ಮೇಲೆ ರಾಜ್ಯ ರಾಜ್ಯಗಳ ನಡುವಣ ರಾಷ್ಟ್ರೀಯ ಪಂದ್ಯಾವಳಿಯನ್ನು ಮಣಿಪುರ ಇಪ್ಪತ್ತಕ್ಕೂ ಹೆಚ್ಚು ಬಾರಿ ಗೆದ್ದಿತು. ಒಂದು ಸಣ್ಣ ಗುಡ್ಡಗಾಡು ರಾಜ್ಯವು ಇಡೀ ದೇಶವನ್ನು ಒಂದು ಆಟದಲ್ಲಿ ಇಷ್ಟು ದೀರ್ಘಕಾಲ ಮಣಿಸಿದ ಉದಾಹರಣೆ ಬೇರೊಂದಿಲ್ಲವೆಂದರೂ ತಪ್ಪಾಗಲಾರದು. ಮಣಿಪುರದ ಮಾತು ಮುಂದೆಯೂ ಬರಲಿರುವುದರಿಂದ ಇದನ್ನು ವಾಚಕರು ನೆನಪಿನಲ್ಲಿಡಬೇಕು.

ಗಂಡಸರಿಗೆ ಕ್ಲಬ್ಬುಗಳ ರಾಷ್ಟ್ರೀಯ ಲೀಗು 1996ರಲ್ಲಿಯೇ ಆರಂಭವಾಯಿತು. ಹೆಂಗಸರು ಅದಕ್ಕಾಗಿ ಇನ್ನೂ ಇಪ್ಪತ್ತು ವರ್ಷ ಕಾಯಬೇಕಾಯಿತು. ಈ ನಡುವೆ ಒಳ್ಳೆಯ ಆಟಗಾರ್ತಿಗೆ ಇದ್ದ ಆಧಾರವೆಂದರೆ ಪೊಲೀಸ್ ಪಡೆ, ರೈಲ್ವೆ, ಗಡಿ ಕಾಯುವ ಅರೆಸೈನಿಕ ದಳಗಳಲ್ಲಿ ಕ್ರೀಡಾ ಮೀಸಲಿನಿಂದ ದೊರೆಯುವ ಉದ್ಯೋಗ. ಎಂದರೆ ಆಕೆ ಆಟದಿಂದ ಕೆಲಸವನ್ನು ಗಳಿಸುತ್ತಿದ್ದಳು. ಆಟವೇ ಆಕೆಯ ಕೆಲಸವಾಗಿರಲಿಲ್ಲ. ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಕೆಲವರು ಹನ್ನೊಂದು ತಿಂಗಳು ಸಮವಸ್ತ್ರವನ್ನು ಧರಿಸಿ ಪಹರೆ ಮಾಡುತ್ತಿದ್ದರು. ಮಿಕ್ಕವರಿಗೆ ಆ ಆಸರೆಯೂ ಇರಲಿಲ್ಲ.

ಭಾರತೀಯ ಮಹಿಳಾ ಲೀಗಿನ ಪ್ರಥಮ ವರ್ಷದ ಅಂತಿಮ ಹಂತವು ದೆಹಲಿಯ ಅಂಬೇಡ್ಕರ್ ಕ್ರೀಡಾಂಗಣದಲ್ಲಿ 2017ರ ಜನವರಿ 28ರಿಂದ ಫೆಬ್ರವರಿ 14ರವರೆಗೆ ನಡೆಯಿತು. ತಂಡಗಳು ಆರು. ಮಣಿಪುರದ ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್ ಒಡಿಶಾದ ರೈಸಿಂಗ್ ಸ್ಟೂಡೆಂಟ್ ಕ್ಲಬ್ಬನ್ನು 3-0ರಿಂದ ಸೋಲಿಸಿ ಪ್ರಥಮ ಪ್ರಶಸ್ತಿಯನ್ನು ತನ್ನದಾಗಿಸಿಕೊಂಡಿತು. ಈ ಪ್ರಶಸ್ತಿಗಾಗಿ ಅದು ಆಡಿದ ಪಂದ್ಯಗಳು ಒಟ್ಟು ಏಳು: ಐದು ಎದುರಾಳಿಗಳೊಡನೆ ಒಂದೊಂದು, ಆ ಮೇಲೆ ಸೆಮಿಫೈನಲ್, ಫೈನಲ್. ಹದಿನೆಂಟು ದಿನಗಳಲ್ಲಿ ರಾಷ್ಟ್ರೀಯ ಲೀಗು ಮುಗಿಯಿತು. ತರುವಾಯ 2018ರಲ್ಲಿ ಶಿಲ್ಲಾಂಗ್, 2019ರಲ್ಲಿ ಲೂಧಿಯಾನ, 2020ರಲ್ಲಿ ನಮ್ಮ ಬೆಂಗಳೂರು. ಬೆಂಗಳೂರಿನಲ್ಲಿ ಹನ್ನೆರಡು ತಂಡಗಳು ಜನವರಿ 24ರಿಂದ ಫೆಬ್ರವರಿ 14ರವರೆಗೆ ಆಡಿದವು. ಅಂತಿಮ ಪಂದ್ಯದಲ್ಲಿ ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಪ್ಸಾ ತಂಡವನ್ನು 3-2ರಿಂದ ಸೋಲಿಸಿತು. ನೇಪಾಳದ ಸಬಿತ್ರಾ ಭಂಡಾರಿ ಹೊಡೆದ ಗೆಲವಿನ ಗೋಲು ಬಂದದ್ದು ಆಟ ಮುಗಿಯಲು ಕೆಲವೇ ನಿಮಿಷಗಳಿರುವಾಗ. ಆಗಲೂ ವಿಜೇತರು ಆಡಿದ್ದು ಏಳೇ ಪಂದ್ಯ. ಹಿಡಿದ ಕಾಲ ಇಪ್ಪತ್ತೆರಡು ದಿನ.

ಎಲ್ಲ ತಂಡಗಳನ್ನೂ ಒಂದೇ ಊರಿಗೆ ಕರೆಸಿ ಆಡಿಸುವ ಈ ಕ್ರಮಕ್ಕೆ ಕಾರಣ ವೆಚ್ಚವೆಂಬುದು ಸ್ಪಷ್ಟ. ಪ್ರಯಾಣ ಒಂದೇ ಬಾರಿ, ವಸತಿ ಒಂದೇ ಕಡೆ, ಮೈದಾನ ಒಂದೋ ಎರಡೋ. ಇದನ್ನು ಸುಮ್ಮನೆ ಹಳಿಯುವುದು ನ್ಯಾಯವಲ್ಲ. ಈ ಅಗ್ಗದ ಏರ್ಪಾಡು ಇದ್ದುದರಿಂದಲೇ ಹರಿಯಾಣದ ಭಿವಾನಿ ಜಿಲ್ಲೆಯ ಅಲಖಪುರವೆಂಬ ಒಂದು ಹಳ್ಳಿಯ ತಂಡ ಮೊದಲ ವರ್ಷವೇ ರಾಷ್ಟ್ರೀಯ ಲೀಗಿನಲ್ಲಿ ಆಡಲು ಸಾಧ್ಯವಾಯಿತು. ಆದರೆ ಇದರಿಂದ ಆದ ನಷ್ಟವೂ ಚಿಕ್ಕದಲ್ಲ. ಮೂರು ವಾರದ ಆಟಕ್ಕೆ ಕ್ಲಬ್ಬು ವರ್ಷದ ಕರಾರನ್ನು ಏಕೆ ಮಾಡಿಕೊಳ್ಳಬೇಕು? ಸುಗ್ಗಿಗೆ ಆಳು ಕರೆಯುವಂತೆ ಪಂದ್ಯಾವಳಿಯ ಮುಂಚೆ ಆಟಗಾರ್ತಿಯರನ್ನು ಕರೆಸಿಕೊಂಡು, ಮುಗಿದೊಡನೆ ಕಳುಹಿಸಿಕೊಟ್ಟರೆ ಸಾಕಾಗುತ್ತಿತ್ತು.

2020-21ರ ಲೀಗು ಕೋವಿಡ್ ವ್ಯಾಧಿಯ ಕಾರಣ ನಡೆಯಲೇ ಇಲ್ಲ. 2022ರಲ್ಲಿ ಭುವನೇಶ್ವರದಲ್ಲಿ ಹನ್ನೆರಡು ತಂಡಗಳು ಒಂದರೊಡನೊಂದು ಆಡುವ ಕ್ರಮ ಬಂದು, ಪ್ರತಿತಂಡಕ್ಕೂ ಹನ್ನೊಂದು ಪಂದ್ಯಗಳು ದೊರೆತವು. ಏಪ್ರಿಲ್ 15ರಿಂದ ಮೇ 26ರವರೆಗೆ, ನಲವತ್ತೆರಡು ದಿನ. ಕಡೆಯ ದಿನ ಗೋಕುಲಂ ತಂಡ ತಮಿಳುನಾಡಿನ ಸೇತು ತಂಡವನ್ನು 3-1ರಿಂದ ಸೋಲಿಸಿ ಪ್ರಶಸ್ತಿಯನ್ನು ಉಳಿಸಿಕೊಂಡಿತು. ಈ ಗೆಲವಿನ ಫಲವಾಗಿ ಏಷ್ಯಾದ ಕ್ಲಬ್ಬುಗಳ ಸ್ಪರ್ಧೆಗೆಂದು ಆ ಆಟಗಾರ್ತಿಯರು ಉಜ್ಬೇಕಿಸ್ತಾನದ ತಾಷ್ಕೆಂಟಿಗೆ ಹೋದರು. ಅದೇ ಸಮಯಕ್ಕೆ, 2022ರ ಆಗಸ್ಟ್ 15ರಂದು, ಹೊರಗಿನವರ ಹಸ್ತಕ್ಷೇಪದ ಕಾರಣವೊಡ್ಡಿ ವಿಶ್ವ ಫುಟ್‌ಬಾಲ್ ಸಂಸ್ಥೆಯು ಭಾರತದ ಫೆಡರೇಷನ್ನನ್ನು ಅಮಾನತಿನಲ್ಲಿಟ್ಟಿತು. ಆಗಸ್ಟ್ 26ರಂದು ಆ ಅಮಾನತು ತೆರವಾಯಿತಾದರೂ ಅಷ್ಟರಲ್ಲಿ ಸ್ಪರ್ಧೆಯ ಅವಕಾಶ ಕೈತಪ್ಪಿತ್ತು. ಪರದೇಶದ ಊರಿನಲ್ಲಿ ಕುಳಿತು, ಒಂದು ಪಂದ್ಯವನ್ನೂ ಆಡದೆ ಅವರು ಹಿಂದಿರುಗಿದರು. ಆಡಳಿತದ ಜಗಳವನ್ನು ಮಾಡಿದವರೊಬ್ಬರೂ ಆ ತಂಡದಲ್ಲಿರಲಿಲ್ಲವೆಂಬುದನ್ನು ಮಾತ್ರ ಹೇಳಿ ಈ ಪ್ರಸಂಗವನ್ನು ಬಿಡುತ್ತೇವೆ.

2023ರ ಏಪ್ರಿಲ್ 26ರಿಂದ ಮೇ 21ರವರೆಗೆ ಅಹಮದಾಬಾದಿನಲ್ಲಿ ನಡೆದ ಆರನೆಯ ಆವೃತ್ತಿಯಲ್ಲಿ ತಂಡಗಳ ಸಂಖ್ಯೆ ಹದಿನಾರಕ್ಕೆ ಏರಿತು. ಎಂಟೆಂಟು ತಂಡಗಳ ಎರಡು ಗುಂಪುಗಳು. ಗುಂಪಿನಲ್ಲಿ ಏಳು ಪಂದ್ಯ, ಆ ಮೇಲೆ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್. ಅಂತಿಮ ಪಂದ್ಯವನ್ನು ತಲುಪಿದ ಗೋಕುಲಂ ಹಾಗೂ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡಗಳು ಇಪ್ಪತ್ತಾರು ದಿನಗಳಲ್ಲಿ ಹತ್ತು ಪಂದ್ಯಗಳನ್ನು ಆಡಬೇಕಾಯಿತು. ಎಂದರೆ ಎರಡೂವರೆ ದಿನಕ್ಕೊಂದು ಪಂದ್ಯ. ಅದೂ ಗುಜರಾತಿನ ಮೇ ತಿಂಗಳ ಬಿಸಿಲಿನಲ್ಲಿ. ತೊಂಬತ್ತು ನಿಮಿಷ ಓಡಿದ ದೇಹ ಚೇತರಿಸಿಕೊಳ್ಳಲು ಎಷ್ಟು ಸಮಯ ಬೇಕೆಂಬುದನ್ನು ಆಟವಾಡಿದ ಯಾರನ್ನು ಕೇಳಿದರೂ ತಿಳಿದೀತು. ಫೈನಲಿನಲ್ಲಿ ಕಿಕ್‌ಸ್ಟಾರ್ಟ್ 0-5ರಿಂದ ಸೋತಿತು. ಕರ್ನಾಟಕದ ಕ್ಲಬ್ಬೊಂದು ಮಹಿಳಾ ಲೀಗಿನ ಅಂತಿಮ ಪಂದ್ಯಕ್ಕೆ ಬಂದ ಸಂತೋಷವನ್ನು ಆ ಅಂಕಿ ತುಸು ಮಂಕಾಗಿಸಿತು.

ಇನ್ನು ಏಳನೆಯ ವರ್ಷದ ವಿಚಾರ. 2023ರಲ್ಲಿ ಫೆಡರೇಷನ್ನು ಎರಡು ತೀರ್ಮಾನಗಳನ್ನು ಕೈಗೊಂಡಿತು. ಮೊದಲನೆಯದು, ಲೀಗನ್ನು ಒಂದೇ ಊರಿನಲ್ಲಿ ಮುಗಿಸದೆ ತವರು ಹಾಗೂ ಪರಸ್ಥಳದ ಪದ್ಧತಿಯಲ್ಲಿ ಆಡಿಸುವುದು. ಎರಡನೆಯದು, ಲೀಗಿನ ಪ್ರತಿಯೊಂದು ಕ್ಲಬ್ಬೂ ಕನಿಷ್ಠಪಕ್ಷ ಹತ್ತು ಮಂದಿ ಭಾರತೀಯ ಆಟಗಾರ್ತಿಯರೊಡನೆ ವರ್ಷಕ್ಕೆ 3 ಲಕ್ಷ 20 ಸಾವಿರ ರೂಪಾಯಿಗೆ ಕಡಮೆಯಿಲ್ಲದ ವೃತ್ತಿಪರ ಕರಾರನ್ನು ಮಾಡಿಕೊಳ್ಳುವುದು. ಇವೆರಡನ್ನು ಬೇರೆ ಬೇರೆಯಾಗಿ ನೋಡುವುದುಂಟು. ನಮ್ಮ ಮಟ್ಟಿಗೆ ಇವು ಒಂದೇ ತೀರ್ಮಾನದ ಎರಡು ಮುಖಗಳು. ಆಟದ ಕಾಲ ಲಂಬಿಸದೆ ವರ್ಷದ ಕರಾರಿಗೆ ಅರ್ಥವಿಲ್ಲ. ಕರಾರಿಲ್ಲದೆ ತಿಂಗಳುಗಟ್ಟಲೆ ಆಡಲು ಬಡ ಮನೆಯ ಹೆಣ್ಣುಮಗಳಿಗೆ ಸಾಧ್ಯವಿಲ್ಲ.

ತವರು ಹಾಗೂ ಪರಸ್ಥಳದ ಪದ್ಧತಿಯೆಂದರೆ, ಪ್ರತಿತಂಡವೂ ಮಿಕ್ಕ ಎಲ್ಲ ತಂಡಗಳೊಡನೆ ಎರಡೆರಡು ಬಾರಿ ಆಡುವುದು: ಒಮ್ಮೆ ತನ್ನ ಮೈದಾನದಲ್ಲಿ, ಇನ್ನೊಮ್ಮೆ ಎದುರಾಳಿಯ ಮೈದಾನದಲ್ಲಿ. ತಂಡಗಳು ಏಳಾದುದರಿಂದ ಒಂದೊಂದು ತಂಡಕ್ಕೆ ಹನ್ನೆರಡು ಪಂದ್ಯ, ಎಲ್ಲ ಸೇರಿ ನಲವತ್ತೆರಡು. ಏಳು ಬೆಸಸಂಖ್ಯೆಯಾದ ಕಾರಣ ಪ್ರತಿಯೊಂದು ಸುತ್ತಿನಲ್ಲಿಯೂ ಒಂದು ತಂಡ ವಿರಮಿಸಬೇಕಾಗುತ್ತದೆ. ಸೆಮಿಫೈನಲ್ಲಿಲ್ಲ, ಫೈನಲ್ಲಿಲ್ಲ, ಗೆಲವಿಗೆ ಮೂರು, ಸಮಕ್ಕೆ ಒಂದು ಅಂಕದಂತೆ ಕೂಡಿ, ಹೆಚ್ಚು ಅಂಕ ಪಡೆದವರೇ ವಿಜೇತರು. ಒಂದು ದಿನದ ಅದೃಷ್ಟಕ್ಕೆ ಇಲ್ಲಿ ಎಡೆ ಕಡಮೆ.

‘ತವರು ಮೈದಾನ’ವೆಂಬ ಮಾತನ್ನು ನಮ್ಮ ಕ್ರೀಡಾವರದಿಗಾರರು ಕ್ರಿಕೆಟ್ಟಿಗಾಗಿ ಬಹುಕಾಲದಿಂದ ಬಳಸುತ್ತ ಬಂದಿದ್ದಾರೆ. ಕನ್ನಡದಲ್ಲಿ ತವರೆಂದರೆ ಹೆಣ್ಣಿನ ತಾಯಿಮನೆ. ಗಂಡಸರಿಗೆ ಎರವಲಾಗಿ ದೊರೆತಿದ್ದ ಈ ಪದವು 2023-24ರಲ್ಲಿ ತನ್ನ ನಿಜವಾದ ಒಡತಿಯರಿಗೆ ಸಂದಿತೆಂದು ನಮಗೆ ತೋರಿ ಮನಸ್ಸಿಗೆ ಹಿತವಾಯಿತು. ಮಾತು ಹಾಗಿರಲಿ. ತವರು ಮೈದಾನದ ಲಾಭ ಬಹಳ ಸ್ಥೂಲವಾದುದು: ಆಟಗಾರ್ತಿಯ ಮನೆಯವರು, ಓರಗೆಯವರು, ಶಾಲೆಯ ಹುಡುಗಿಯರು ಬಂದು ನೋಡಬಹುದು. ಯಾವ ತಂಡಕ್ಕೂ ಸೇರದ ಊರಿನ ಮೈದಾನದಲ್ಲಿ ನಡೆಯುವ ಪಂದ್ಯಕ್ಕೆ ಆ ಪ್ರೇಕ್ಷಕರು ಎಲ್ಲಿಂದ ಬಂದಾರು?

ಈ ಋತುವು 2023ರ ಡಿಸೆಂಬರ್ 8ರಂದು ಆರಂಭವಾಗಿ 2024ರ ಮಾರ್ಚ್ 24ರಂದು ಮುಗಿಯಿತು. ಲೆಕ್ಕ ಹಾಕಿದರೆ ನೂರ ಎಂಟು ದಿನ. ಇಲ್ಲಿ ವಾಚಕರು ಒಂದಂಶವನ್ನು ಗಮನಿಸಬೇಕು. ಹಿಂದಿನ ವರ್ಷದ ಫೈನಲಿಗರು ಆಡಿದ್ದು ಹತ್ತು ಪಂದ್ಯ, ಈ ವರ್ಷ ಪ್ರತಿತಂಡ ಆಡಿದ್ದು ಹನ್ನೆರಡು. ಹೆಚ್ಚಿದ್ದು ಎರಡೇ. ಒಟ್ಟು ಪಂದ್ಯಗಳಾದರೋ ಅರವತ್ತಕ್ಕೂ ಮೇಲಿದ್ದವು ನಲವತ್ತೆರಡಕ್ಕೆ ಇಳಿದವು. ಹಾಗಾದರೆ ಹೊಸದೇನು? ಹೊಸದಾಗಿ ದೊರೆತದ್ದು ಕಾಲ. ಎರಡೂವರೆ ದಿನಕ್ಕೊಂದಿದ್ದ ಪಂದ್ಯ ಒಂಬತ್ತು ದಿನಕ್ಕೊಂದಾಯಿತು. ಆ ಒಂಬತ್ತು ದಿನಗಳಲ್ಲಿ ಅಭ್ಯಾಸವುಂಟು, ಗಾಯ ಮಾಯುವುದುಂಟು, ಹಿಂದಿನ ಪಂದ್ಯದ ತಪ್ಪನ್ನು ತಿದ್ದಿಕೊಳ್ಳುವುದುಂಟು. ಎಲ್ಲಕ್ಕಿಂತ ಮಿಗಿಲಾಗಿ, ಆಟಗಾರ್ತಿಯು ತಾನು ಆಟಗಾರ್ತಿಯೆಂದು ಹೇಳಿಕೊಳ್ಳಬಹುದಾದ ಮೂರೂವರೆ ತಿಂಗಳುಗಳುಂಟು.

ಸಂಬಳದ ಮಾತನ್ನೂ ಇದೇ ರೀತಿ ಅಳೆಯಬೇಕು. 3 ಲಕ್ಷ 20 ಸಾವಿರವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 26,600 ರೂಪಾಯಿ. ಇದು ಸಿರಿತನವಲ್ಲ, ಆದರೆ ಮನೆಯಲ್ಲಿ ‘ಚೆಂಡಾಡಿ ಏನು ಬಂತು?’ ಎಂದು ಕೇಳಿದರೆ ಕೊಡಬಹುದಾದ ಉತ್ತರ. ಏಳು ಕ್ಲಬ್ಬುಗಳಿಗೆ ಹತ್ತರಂತೆ ಎಪ್ಪತ್ತು ಮಂದಿಗೆ ಮಾತ್ರ ಈ ನಿಯಮದ ರಕ್ಷಣೆ. ತಂಡದಲ್ಲಿದ್ದ ಹನ್ನೊಂದನೆಯವಳಿಗೆ, ಹದಿನೈದನೆಯವಳಿಗೆ, ಇಪ್ಪತ್ತನೆಯವಳಿಗೆ ನಿಯಮವು ಏನನ್ನೂ ಖಚಿತಪಡಿಸಲಿಲ್ಲ. ಮೈದಾನದಲ್ಲಿ ಇರುವವರು ಹನ್ನೊಂದು ಮಂದಿ, ಕರಾರಿನ ಕಡ್ಡಾಯ ಹತ್ತೇ ಮಂದಿಗೆ ಎಂಬುದನ್ನು ಗಮನಿಸಿದಾಗ, ಈ ಅಂಕಿಯನ್ನು ಗೊತ್ತುಮಾಡಿದವರ ಎದುರಿಗೆ ಮೈದಾನಕ್ಕಿಂತ ಕ್ಲಬ್ಬುಗಳ ಹಣದ ಚೀಲವೇ ಇದ್ದಿರಬೇಕೆಂದು ನಮಗೆ ಅನಿಸಿತು.

ಈಗ ಬಿಟ್ಟುಕೊಟ್ಟದ್ದೇನೆಂಬುದನ್ನು ಹೇಳಬೇಕು. ಹದಿನಾರು ತಂಡಗಳಿದ್ದ ಕಡೆ ಏಳು ಉಳಿದವು: ಒಡಿಶಾ ಎಫ್‌ಸಿ, ಸ್ಪೋರ್ಟ್ಸ್ ಒಡಿಶಾ, ಗೋಕುಲಂ ಕೇರಳ, ಕಿಕ್‌ಸ್ಟಾರ್ಟ್, ಸೇತು, ದೆಹಲಿಯ ಹಾಪ್ಸ್, ಕಲ್ಕತ್ತೆಯ ಈಸ್ಟ್ ಬೆಂಗಾಲ್. ಅಹಮದಾಬಾದಿನಲ್ಲಿ ಕ್ವಾರ್ಟರ್ ಫೈನಲಿಗೆ ಬಂದಿದ್ದ ಎಂಟು ತಂಡಗಳಲ್ಲಿ ಒಂದು ಈ ಪಟ್ಟಿಯಲ್ಲಿಲ್ಲ. ಅದು ಈಸ್ಟರ್ನ್ ಸ್ಪೋರ್ಟಿಂಗ್ ಯೂನಿಯನ್, 2017ರ ಮೊಟ್ಟಮೊದಲ ವಿಜೇತ ತಂಡ. ಅದರೊಡನೆ ಮಣಿಪುರವೇ ಲೀಗಿನಿಂದ ಹೊರಗುಳಿಯಿತು. ಇಪ್ಪತ್ತಕ್ಕೂ ಹೆಚ್ಚು ಬಾರಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದ ರಾಜ್ಯದ ಒಂದು ಕ್ಲಬ್ಬೂ ಇಲ್ಲದೆ ದೇಶದ ಪ್ರಥಮ ನಿಜವಾದ ಋತು ನಡೆಯಿತು! 2023ರ ಮೇ 3ರಂದು ಆ ರಾಜ್ಯದಲ್ಲಿ ತಲೆದೋರಿದ ಹಿಂಸಾಚಾರವನ್ನು ಇಲ್ಲಿ ಮರೆಯಲಾಗದು. ಆದರೆ ತವರು ಮೈದಾನದ ಪದ್ಧತಿಯು ತನ್ನ ಸ್ವಭಾವದಿಂದಲೇ ದೂರದ, ಹಣವಿಲ್ಲದ, ಊರವರ ವಂತಿಗೆಯಿಂದ ನಡೆಯುವ ಕ್ಲಬ್ಬುಗಳಿಗೆ ಭಾರವಾದುದು. ಒಂದು ಪ್ರಯಾಣದ ಜಾಗದಲ್ಲಿ ಆರು ಪ್ರಯಾಣ, ಹತ್ತು ಕರಾರಿಗೆ 32 ಲಕ್ಷ ರೂಪಾಯಿ, ತನ್ನದೇ ಮೈದಾನದ ಏರ್ಪಾಡು. ಅಲಖಪುರದಂಥ ಹಳ್ಳಿಯ ತಂಡಕ್ಕೆ ಇದು ನಿಲುಕುವ ಮಾತಲ್ಲ. ಮಣಿಪುರದ ಆಟಗಾರ್ತಿಯರೇನೋ ಲೀಗಿನಲ್ಲಿ ಇದ್ದರು. ಬೇರೆ ರಾಜ್ಯಗಳ ಕ್ಲಬ್ಬುಗಳ ಅಂಗಿ ತೊಟ್ಟು ಆಡಿದರು. ಅವರ ತವರೂರಿನ ಜನ ಮಾತ್ರ ತಮ್ಮ ಮೈದಾನದಲ್ಲಿ ಅವರನ್ನು ನೋಡಲಿಲ್ಲ. ಹೊರಗುಳಿದವರಿಗಾಗಿ 2024ರಲ್ಲಿ ಎರಡನೆಯ ದರ್ಜೆಯ ಲೀಗನ್ನು ತೆರೆಯಲಾಯಿತು. ಅದರಲ್ಲಿ ಮೇಲೆ ಬಂದ ಕಲ್ಕತ್ತೆಯ ಶ್ರೀಭೂಮಿ ಮತ್ತು ಒಡಿಶಾದ ನೀತಾ ತಂಡಗಳು ಮರುವರ್ಷ ಮೇಲಿನ ದರ್ಜೆಯಲ್ಲಿ ಆಡಿದವು.

ಪ್ರಶಸ್ತಿಯನ್ನು ಒಡಿಶಾ ಎಫ್‌ಸಿ ಗೆದ್ದಿತು. ಮೂರು ಬಾರಿ ಬೆನ್ನುಬೆನ್ನಿಗೆ ಗೆದ್ದಿದ್ದ ಗೋಕುಲಂ ಎರಡನೆಯ ಸ್ಥಾನಕ್ಕೆ ಇಳಿಯಿತು. ಒಡಿಶಾ ತಂಡದ ತರಬೇತುದಾರರು ಕ್ರಿಸ್ಪಿನ್ ಛೆತ್ರಿ. ಈ ಗೆಲವಿನಿಂದ ಒಡಿಶಾ ತಂಡವು ಆ ವರ್ಷ ಹೊಸದಾಗಿ ಆರಂಭವಾದ ಏಷ್ಯಾ ಮಹಿಳಾ ಚಾಂಪಿಯನ್ಸ್ ಲೀಗಿಗೆ ಹೋಗಿ, ಪ್ರಾಥಮಿಕ ಸುತ್ತನ್ನು ದಾಟಿ, 2024ರ ಅಕ್ಟೋಬರಿನಲ್ಲಿ ವಿಯೆಟ್ನಾಮಿನ ಹೋ ಚಿ ಮಿನ್ ನಗರದಲ್ಲಿ ಜಪಾನಿನ ಉರಾವಾ ತಂಡವನ್ನು ಎದುರಿಸಿತು. ಫಲಿತಾಂಶ 0-17.

ಈ ಅಂಕಿಯನ್ನು ಕಂಡು ನಕ್ಕವರು ಬಹುಮಂದಿ. ಇತಿಹಾಸದ ವಿದ್ಯಾರ್ಥಿಗಳಾದ ನಮಗೆ ಅದರಲ್ಲಿ ನಗುವಂಥದೇನೂ ಕಾಣಲಿಲ್ಲ. ಜಪಾನಿನಲ್ಲಿ ಮಹಿಳೆಯರ ರಾಷ್ಟ್ರೀಯ ಲೀಗು ಆರಂಭವಾದದ್ದು 1989ರಲ್ಲಿ. ಅಲ್ಲಿಯ ವೃತ್ತಿಪರ ಲೀಗು 2021ರಲ್ಲಿ. 2023-24ರ ಋತುವಿನಲ್ಲಿ ಅಲ್ಲಿ ಹನ್ನೆರಡು ತಂಡಗಳಿದ್ದು, ವಿಜೇತ ಉರಾವಾ ಲೀಗಿನಲ್ಲಿಯೇ ಇಪ್ಪತ್ತೆರಡು ಪಂದ್ಯಗಳನ್ನು ಆಡಿತ್ತು. ಒಡಿಶಾ ತಂಡದ ಹಿಂದೆ ಇದ್ದದ್ದು ಹನ್ನೆರಡು ಪಂದ್ಯಗಳ ಒಂದೇ ಒಂದು ಋತು. ಹದಿನೇಳು ಗೋಲುಗಳ ಅಂತರವನ್ನು ಆಟಗಾರ್ತಿಯರ ಕಾಲಿನಲ್ಲಿ ಹುಡುಕುವ ಮೊದಲು ಮೂವತ್ತನಾಲ್ಕು ವರ್ಷಗಳ ಪಂಚಾಂಗದಲ್ಲಿ ಹುಡುಕಬೇಕು.

ಛೆತ್ರಿಯವರು ತರುವಾಯ ರಾಷ್ಟ್ರೀಯ ತಂಡದ ತರಬೇತುದಾರರಾದರು. 2025ರ ಜುಲೈ 5ರಂದು ಥೈಲೆಂಡಿನ ಚಿಯಾಂಗ್ ಮಾಯ್ ನಗರದಲ್ಲಿ ಭಾರತದ ತಂಡವು ಆತಿಥೇಯರನ್ನು 2-1ರಿಂದ ಸೋಲಿಸಿ, ಅರ್ಹತಾ ಪಂದ್ಯಗಳ ಮೂಲಕ ಪ್ರಥಮ ಬಾರಿಗೆ ಏಷ್ಯಾ ಕಪ್ ಸ್ಪರ್ಧೆಗೆ ಪ್ರವೇಶ ಪಡೆಯಿತು. ಎರಡೂ ಗೋಲುಗಳು ಬಂಗಾಳದ ಸಂಗೀತಾ ಬಾಸ್ಫೋರ್ ಅವರವು. ಅವರು ಸಶಸ್ತ್ರ ಸೀಮಾ ಬಲದ ಉದ್ಯೋಗಿ. ಲೀಗು ಬೆಳೆದ ಮೇಲೂ ಆಟಗಾರ್ತಿಯ ಹಿಂದೆ ಹಳೆಯ ಸರಕಾರಿ ನೌಕರಿಯೇ ನಿಂತಿರುವುದು ಇಲ್ಲಿ ಕಂಡುಬರುತ್ತದೆ.

ಈ ಟಿಪ್ಪಣಿಗಳನ್ನೆಲ್ಲ ಕೂಡಿಸಿ, ಪ್ರಶ್ನೆ ಕೇಳಿದ್ದ ವಿದ್ಯಾರ್ಥಿನಿಗೆ ನಾವು ತೋರಿಸಿದೆವು. ಆಕೆ ನಿಧಾನವಾಗಿ ಓದಿ, ಮೂರೂವರೆ ತಿಂಗಳಾದರೆ ಇನ್ನೂ ಎಂಟೂವರೆ ಉಳಿಯಿತಲ್ಲ ಎಂದರು. ಲೆಕ್ಕ ಸರಿಯಾಗಿಯೇ ಇತ್ತು. 2024-25ರಲ್ಲಿ ತಂಡಗಳು ಎಂಟಾಗಿ, ಪ್ರತಿತಂಡಕ್ಕೆ ಹದಿನಾಲ್ಕು ಪಂದ್ಯಗಳಾದವು. 2025ರ ಏಪ್ರಿಲ್ 11ರಂದು ಬಂಗಾಳದ ಕಲ್ಯಾಣಿಯಲ್ಲಿ ಈಸ್ಟ್ ಬೆಂಗಾಲ್ ತಂಡವು ಹಿಂದಿನ ವಿಜೇತರಾದ ಒಡಿಶಾ ತಂಡವನ್ನು 1-0ರಿಂದ ಸೋಲಿಸಿ ಪ್ರಶಸ್ತಿಯನ್ನು ಪಡೆಯಿತು. ಆ ವರ್ಷವೂ ಲೀಗಿನಲ್ಲಿ ಮಣಿಪುರದ ಕ್ಲಬ್ಬು ಇರಲಿಲ್ಲ.